ಬೀಗಿತ್ತಿ ತೊಲೆ ಏರಿದ್ದು

ಮೊಮ್ಮಕ್ಕಳು ರಜಕ್ಕೆ ಬಂದಿದ್ದಾರೆ. ದಿಂಬು ಅಡುಗೆಮನೆಯಲ್ಲಿದೆ, ಸೌಟು ಹಾಸಿಗೆಯಲ್ಲಿದೆ, ನನಗೆ ಇದೇ ಸ್ವರ್ಗ. ಮೊನ್ನೆ ಚಿಕ್ಕವಳು ಅಟ್ಟದಲ್ಲಿ ಬಿದ್ದಿದ್ದ ಉದ್ದನೆಯ ತೊಲೆ ನೋಡಿ, "ಅಜ್ಜಿ, ಇದು ಪಾರ್ಕಲ್ಲಿರೋ ಸೀಸಾನಾ?" ಎಂದು ಕೇಳಿದಳು. ನಾನು ನಕ್ಕೆ. ಕೆಮ್ಮು ಬಂತು, ನೀರು ಕುಡಿದೆ, ಮತ್ತೆ ನಕ್ಕೆ. "ಅದು ಶಾವಿಗೆ ಒರಳಿನ ತೊಲೆ ಕಣೇ. ಆದ್ರೆ ಒಂದಿನ ಅದು ಸೀಸಾನೂ ಆಗಿತ್ತು" ಎಂದೆ. ಬಿಟ್ಟಾಳೆಯೇ? ಬರೆದುಕೊಡು ಎಂದು ಕೂತಿದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಎಲ್ಲಾದರೂ ಜಾರಿ ಬಿದ್ದಿದ್ದರೆ ನೀವೇ ಎತ್ತಿ ಕೂರಿಸಿಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೋಣನಕುಂಟೆ ಆಗ ಇನ್ನೂ ಹಳ್ಳಿ. ನಾವು ಜಯನಗರಕ್ಕೆ ಹೋಗಿಬಂದರೆ "ಬೆಂಗಳೂರಿಗೆ ಹೋಗಿದ್ವಿ" ಎನ್ನುತ್ತಿದ್ದೆವು. ಆ ಬೆಂಗಳೂರಿಗೇ ನನ್ನ ನಾದಿನಿಯನ್ನು, ಅಂದರೆ ನಮ್ಮ ಮನೆಯವರ ತಂಗಿಯನ್ನು, ಮದುವೆ ಮಾಡಿ ಕೊಟ್ಟಿದ್ದರು. ಮದುವೆಯಾದ ಮೇಲಿನ ಮೊದಲ ಬೇಸಿಗೆ. ರಜ ಮುಗಿಯುವವರೆಗೆ ಮಗಳು ತವರಿನಲ್ಲಿರಲಿ ಎಂದು ನಮ್ಮ ಮಾವ ಹೇಳಿ ಕಳಿಸಿದ್ದಕ್ಕೆ ಬೀಗಿತ್ತಿ, ಅಂದರೆ ಅವಳ ಅತ್ತೆ, ಕೊಟ್ಟ ಉತ್ತರ ಇಷ್ಟೇ: "ಭಾನುವಾರ ಎಲ್ಲಾರೂ ಬರ್ತೀವಿ. ಊಟ ಆಗ್ಲಿ, ಆಮೇಲೆ ನೋಡೋಣ."

ಈ "ಆಮೇಲೆ ನೋಡೋಣ" ನಮ್ಮ ಮನೆಮಂದಿಯ ನಿದ್ದೆ ಕೆಡಿಸಿತು. ಆ ಬೀಗಿತ್ತಿ ನಕ್ಕಿದ್ದನ್ನು ಮದುವೆ ಮನೆಯಲ್ಲೂ ಯಾರೂ ಕಂಡಿರಲಿಲ್ಲ. ಊಟ ಹಿಡಿಸದಿದ್ದರೆ ಹುಡುಗಿಯನ್ನು ಸಂಜೆ ಬಸ್ಸಿಗೇ ಎಬ್ಬಿಸಿಕೊಂಡು ಹೋಗುತ್ತಾರೆ ಎಂದು ನನ್ನ ಅತ್ತೆಗೆ ಖಾತ್ರಿಯಾಗಿಬಿಟ್ಟಿತ್ತು.

ಸಿಹಿ ಏನು ಮಾಡುವುದು? ಒಬ್ಬಟ್ಟು ಯುಗಾದಿಗೆ ಆಗಿತ್ತು. ನಾನು ಧೈರ್ಯ ಮಾಡಿ, "ಅತ್ತೆ, ಜಯನಗರದೋರು ಕಸ್ಟರ್ಡ್ ಅಂತ ಮಾಡ್ತಾರಂತೆ, ಹಳ್ದಿ ಬಣ್ಣದ ಡಬ್ಬಿ ಪುಡಿ, ಹಾಲಿಗೆ ಹಾಕಿ ಕದಡಿದ್ರೆ ಆಯ್ತು" ಎಂದೆ.

"ಡಬ್ಬಿ ಪುಡಿ ಕದಡಿ ಬೀಗರಿಗೆ ಇಡ್ತೀಯೇನಮ್ಮಿ? ನೆಗಡಿಗೆ ಔಷ್ದಿ ಕದಡ್ದಂಗೆ?" ಎಂದರು ಅತ್ತೆ. "ಶಾವಿಗೆ ಒತ್ತದು. ಕಾಯಿಹಾಲು ಮಾಡದು. ಬಿಸಿಬಿಸೀಲಿ ಅವರ ಕಣ್ಮುಂದೇನೆ ಒತ್ತಿ ಬಡಿಸ್ಬೇಕು, ನೋಡ್ಲಿ!"

ನಮ್ಮ ಶಾವಿಗೆ ಒರಳು ಮರದ್ದು. ಎರಡು ಕಂಬದ ನಡುವೆ ಒರಳು, ಅದರ ತಳದಲ್ಲಿ ಸಣ್ಣ ತೂತುಗಳ ಹಿತ್ತಾಳೆ ಬಿಲ್ಲೆ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಯಾಗಿರುವಾಗಲೇ ಒರಳಿಗೆ ಹಾಕಿ, ಮೇಲಿನ ತೊಲೆಯ ತುದಿಗೆ ಭಾರ ಹೇರಬೇಕು. ಕೆಳಗೆ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತದೆ. ಭಾರಕ್ಕೆ ಕಲ್ಲು ಯಾಕೆ? ಬೇಸಿಗೆ ರಜದಲ್ಲಿ ಮನೆ ತುಂಬ ಮಕ್ಕಳಿರುತ್ತಿದ್ದವು. ಸಾಲಾಗಿ ತೊಲೆ ಮೇಲೆ ಕೂರಿಸಿದರೆ ಆಯಿತು. ಆ ಭಾನುವಾರವೂ ನನ್ನ ಮಕ್ಕಳು, ನಾದಿನಿಯ ಅಕ್ಕಂದಿರ ಮಕ್ಕಳು, ಎಲ್ಲ ಬೆಳಗಿನಿಂದಲೇ ತೊಲೆಯ ಸುತ್ತ ಕಚ್ಚಾಡುತ್ತಿದ್ದವು.

"ಬಂದ್ರು! ಬಂದ್ರು!" ಎಂದು ಹೊರಗಿನಿಂದ ಕೂಗು ಬಂತು. ಬಸ್ ಸ್ಟಾಪಿಗೆ ಹೋಗಿದ್ದ ನಮ್ಮ ಮನೆಯವರ ಹಿಂದೆ ಬೀಗರು, ಬೀಗಿತ್ತಿ, ಅವರ ಮಗ, ನಮ್ಮ ನಾದಿನಿ. ಅತ್ತೆ ಗಡಿಬಿಡಿಯಲ್ಲಿ, "ಹಾಕಮ್ಮಿ ಉಂಡೇನ!" ಎಂದರು. ಕುದಿಯುವ ನೀರಿನಿಂದ ಉಂಡೆ ತೆಗೆದು ಒರಳಿಗೆ ಹಾಕಿಬಿಟ್ಟೆ. ಇನ್ನು ಒತ್ತುವುದೊಂದೇ ಬಾಕಿ.

ಆದರೆ ಉಪಚಾರ ಮುಗಿಯಬೇಕಲ್ಲ!

"ಬನ್ನಿ ಬೀಗ್ರೇ, ಕೂತ್ಕಳಿ" ಎಂದರು ಮಾವ, ಜಗಲಿಯ ಮಂಚ ತೋರಿಸಿ.

"ನೀವ್ ಕೂತ್ಕೊಳ್ಳಿ ಮೊದ್ಲು" ಎಂದರು ಬೀಗರು.

"ನೀವ್ ನಿಂತಿರುವಾಗ ನಾನು ಕೂತ್ಕಳದಾ? ಎಲ್ಲಾದ್ರೂ ಉಂಟಾ?"

"ಹಿರಿಯರು ನೀವು."

"ಗಂಡಿನ ಕಡೇರು ನೀವು."

ಇಬ್ಬರೂ ಮೊಣಕಾಲು ಅರ್ಧ ಬಗ್ಗಿಸಿ, ಕೂರದೆ ನಿಲ್ಲದೆ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಕೊನೆಗೆ ಕೂತರು. ಮಜ್ಜಿಗೆ ಬಂತು. ಬೇಡ ಎಂದರು. ಕುಡೀರಿ ಎಂದರು. ಈಗ ತಾನೆ ಕುಡಿದು ಬಂದೆವು ಎಂದರು. ಬಸ್ಸಿನಲ್ಲಿ ಮಜ್ಜಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಆಮೇಲೆ ಮಳೆ ವಿಚಾರ, ಹಸುವಿನ ವಿಚಾರ, ಯಾರದೋ ಮಂಡಿನೋವಿನ ವಿಚಾರ. ನಾನು ಬಾಗಿಲ ಸಂದಿಯಿಂದ ಅತ್ತೆಗೆ ಕಣ್ಸನ್ನೆ ಮಾಡಿದೆ: ಉಂಡೆ ಆರುತ್ತಿದೆ! ಅತ್ತೆ ನನಗೆ ಕಣ್ಸನ್ನೆ ಮಾಡಿದರು: ಬೀಗರ ಮಾತು ತುಂಡರಿಸೋಕಾಗುತ್ತಾ!

ಅಂತೂ ಎಲ್ಲರೂ ಹಿತ್ತಲ ಪಡಸಾಲೆಗೆ ಬಂದರು. ಬೀಗಿತ್ತಿಗೆ ಮಣೆ ಹಾಕಿದೆವು. ರೇಷ್ಮೆ ಸೀರೆ, ಬಿಗಿದ ತುಟಿ. ನಾದಿನಿ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಅತ್ತಿಗೆ, ಚೀಲ್ದಾಗೆ ಎಲ್ಲಾ ಸೀರೇನೂ ತುಂಬ್ಕೊಂಡ್ ಬಂದಿದೀನಿ. ಹೆಂಗಾರ ಮಾಡಿ ಉಳಿಸ್ಕಳಿ. ಅಲ್ಲಿ ನಮ್ಮತ್ತೆ ಕೋಳಿ ಕೂಗೋಕ್ ಮುಂಚೆ ಎಬ್ಬಿಸ್ತಾರೆ. ಕೋಳೀನೇ ಇಲ್ಲ ಆ ಬೀದೀಲಿ!"

ನಾನು ತಟ್ಟೆ ಹಿಡಿದು ಒರಳಿನ ಕೆಳಗೆ ಕೂತೆ. ಮಕ್ಕಳು ತೊಲೆ ಹತ್ತಿದವು. ಅಲ್ಲಾಡಲಿಲ್ಲ. ಹಾರಿ ಹಾರಿ ಕೂತವು. ಊಹೂಂ. ಉಂಡೆ ಕಲ್ಲಾಗಿ ಒರಳಿನಲ್ಲಿ ಕೂತಿದೆ, ಮೇಲೂ ಬರದು, ಕೆಳಗೂ ಇಳಿಯದು. ಅತ್ತೆಯ ಹಣೆಯಲ್ಲಿ ಬೆವರು. ನಮ್ಮ ಮನೆಯವರು ಹತ್ತಿದರು. ಇಲ್ಲ. ನಾದಿನಿಯ ಗಂಡ ಇಸ್ತ್ರಿ ಪ್ಯಾಂಟು ಮೇಲೆಳೆದುಕೊಂಡು ಹತ್ತಿದ. ತೊಲೆ ಒಂದು ಸಲ "ಕಿರ್ರ್" ಎಂದು ಸುಮ್ಮನಾಯಿತು.

ಮಾವ ಎದ್ದರು. ಮಾವ ಎದ್ದರೆ ಬೀಗರು ಕೂತಿರುತ್ತಾರೆಯೇ? ಅವರೂ ಎದ್ದರು.

"ನೀವ್ ಕೂತ್ಕಳಿ ಬೀಗ್ರೇ" ಎಂದರು ಮಾವ, ತೊಲೆ ತೋರಿಸಿ.

"ಛೆ ಛೆ, ನೀವು ಮೊದ್ಲು."

"ನಮ್ಮನೆ ತೊಲೆ ಮ್ಯಾಲೆ ನಾನೇ ಮೊದ್ಲು ಕೂತ್ಕಳದಾ?"

"ಹಿರಿಯರು ನೀವು."

ಮತ್ತೆ ಅದೇ ಮೊಣಕಾಲು! ಇನ್ನು ಮಳೆ ವಿಚಾರ ಶುರುವಾಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಮಣೆ ಸರಿದ ಸದ್ದಾಯಿತು. ಬೀಗಿತ್ತಿ ಎದ್ದು ನಿಂತಿದ್ದರು. ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಗಿಸಿದರು.

"ಸರ್ಕಳ್ರಿ ಅತ್ಲಾಗೆ!" ಎಂದರು. ಜಯನಗರದ ನಾಜೂಕು ಮಾತು ಎಲ್ಲಿ ಹೋಯಿತೋ! "ಒರಳ್ ಪಕ್ಕ ಗುಂಪು ಕೂತ್ಕಂಡ್ರೆ ಇಳಿತದಾ? ಇದೇನು ಎತ್ತಿನಗಾಡಿನಾ? ಮಕ್ಳು ಇಳೀರಿ. ದೊಡ್ಡೋರೆಲ್ಲಾ ತುದಿಗೆ ಬನ್ನಿ. ನಮ್ಮವ್ವನ ಮನೇಲಿ ಊರಿಗೆಲ್ಲಾ ಶಾವ್ಗೆ ಒತ್ತಿರೋಳು ನಾನು. ರೀ, ನಿಮಗೆ ಬೇರೆ ಹೇಳ್ಬೇಕಾ? ಹತ್ರೀ!"

ಬೀಗರು ಮರುಮಾತಿಲ್ಲದೆ ಹತ್ತಿದರು. ಮಾವನೂ ಹತ್ತಿದರು. ಕಟ್ಟಕಡೆಯ ತುದಿಯಲ್ಲಿ, ಎಲ್ಲರಿಗಿಂತ ಆಚೆ, ಬೀಗಿತ್ತಿ ಕೂತರು. ಒಂದು ಸಲ ಎದ್ದು, "ಹೈಸಾ!" ಎಂದು ಧೊಪ್ಪನೆ ಕೂತರು.

ಉಂಡೆ ಸೋತಿತು. ತೊಲೆ ಧಡಾರನೆ ಇಳಿಯಿತು. ತುದಿಯವರ ಮೇಲೆ ನಡುವಿನವರು, ನಡುವಿನವರ ಮೇಲೆ ನಮ್ಮ ಮನೆಯವರು, ಎಲ್ಲ ಜಾರಿ ಒಂದೇ ರಾಶಿ. ಬೀಗರ ಕನ್ನಡಕ ಹಾರಿ ಕಾಯಿಹಾಲಿನ ಪಾತ್ರೆಗೆ ಬಿತ್ತು. ಅಳಿಯನ ಪ್ಯಾಂಟು ಎಲ್ಲೋ "ಪರ್ರ್" ಎಂದಿತು, ಎಲ್ಲಿ ಎಂದು ಯಾರೂ ಕೇಳಲಿಲ್ಲ. ಶಾವಿಗೆ ಒಂದೇ ಉಸಿರಿಗೆ ಇಳಿದು, ನನ್ನ ತಟ್ಟೆ ತಪ್ಪಿ, ಎರಡೂ ಕೈಗಳಿಗೆ ಮೊಣಕೈವರೆಗೆ ಸುತ್ತಿಕೊಂಡಿತು. ಆರಿದ್ದೇ ಪುಣ್ಯ!

ನಾದಿನಿ ಕಣ್ಣು ಮುಚ್ಚಿಕೊಂಡಿದ್ದಳು. ಅತ್ತೆ ಗೋಡೆ ಹಿಡಿದುಕೊಂಡಿದ್ದರು.

ರಾಶಿಯ ತಳದಿಂದ ಬೀಗಿತ್ತಿ ತಲೆ ಎತ್ತಿ ನನ್ನ ಕೈ ನೋಡಿದರು. "ಅಯ್ಯೋ, ನಿಮ್ ಸೊಸೆಗೆ ಬಳೆ ತೊಡಿಸ್ಬಿಟ್ವಲ್ಲ ಬೀಗಿತ್ತಿ!" ಎಂದರು. ಎಂದು ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ನೆಲ ಬಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಅವರು ನಕ್ಕಿದ್ದು ನೋಡಿ ಬೀಗರೇ ಬೆಚ್ಚಿದರು. ಕನ್ನಡಕ ಇಲ್ಲದ್ದಕ್ಕೆ ಹಾಗೆ ಕಾಣುತ್ತಿದೆ ಎಂದುಕೊಂಡರೋ ಏನೋ.

ಆಮೇಲೆ ಬೀಗಿತ್ತಿಯನ್ನು ತೊಲೆಯಿಂದ ಇಳಿಸಲು ಯಾರಿಂದಲೂ ಆಗಲಿಲ್ಲ. "ಹಾಕು ಇನ್ನೊಂದುಂಡೆ! ಬಿಸೀದು ಹಾಕು!" ಮಕ್ಕಳು ಅವರ ಅಕ್ಕಪಕ್ಕ ಕೂರಲು ಸರದಿ ನಿಂತವು. ಕೊನೆಗೆ ಊಟಕ್ಕೆ ಕೂತಾಗ ಬಿಸಿ ಶಾವಿಗೆ ಮೇಲೆ ಬೆಲ್ಲ ಏಲಕ್ಕಿಯ ಕಾಯಿಹಾಲು ಸುರಿದುಕೊಂಡು, ಎಲೆ ಬಳಿದು ಉಂಡರು. ಕನ್ನಡಕ ಬಿದ್ದಿದ್ದ ಪಾತ್ರೆಯ ಕಾಯಿಹಾಲನ್ನು ಬೀಗರಿಗೇ ಬಡಿಸಿದೆವು. ಅವರದೇ ಕನ್ನಡಕ ತಾನೆ.

ಸಂಜೆ ಬಸ್ಸಿನ ಹೊತ್ತಾಯಿತು. ಬೀಗರು ಎದ್ದು, "ಹೊರಡೋಣ್ವಾ?" ಎಂದರು. ನಾದಿನಿ ನನ್ನ ಕೈ ಹಿಡಿದುಕೊಂಡಳು.

"ಹುಡುಗಿ ಇರ್ಲಿ ಬಿಡಿ, ರಜ ಮುಗಿಯೋಗಂಟ" ಎಂದರು ಬೀಗಿತ್ತಿ.

ನಾದಿನಿ ನನ್ನ ಕೈ ಹಿಸುಕಿದ ರಭಸಕ್ಕೆ ನಿಜವಾದ ಬಳೆ ಒಡೆಯಿತು. ಅತ್ತೆ ದೇವರಮನೆ ಕಡೆ ತಿರುಗಿ ಕೈ ಮುಗಿದರು. ಆದರೆ ಬೀಗಿತ್ತಿ ಮಣೆಯಿಂದ ಏಳಲೇ ಇಲ್ಲ.

"ನೀವು ಅಪ್ಪ ಮಗ ಹೋಗ್ಬನ್ನಿ" ಎಂದರು, ಕಾಲು ಚಾಚಿಕೊಳ್ಳುತ್ತಾ. "ನಾನೂ ಇಲ್ಲೇ ಇರ್ತೀನಿ. ಅಕ್ಕಿ ಎಷ್ಟಿದೆ ಮನೇಲಿ?"

ನಾದಿನಿಯ ಮುಖವನ್ನು ನೀವು ನೋಡಬೇಕಿತ್ತು. ಆರಿದ ಉಂಡೆ!

ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಬೀಗಿತ್ತಿಯ ಕೂಗು ಬಂತು: "ಏಳ್ರೇ ಹೆಣ್ಮಕ್ಳಾ! ಒಲೆ ಹಚ್ಚಾಯ್ತು!" ಪಕ್ಕದ ಚಾಪೆಯಿಂದ ನಾದಿನಿ ಹೊದಿಕೆಯೊಳಗೇ ಕೇಳಿದಳು, "ಅತ್ತಿಗೆ, ನಾನು ಜಯನಗರಕ್ಕೆ ಹೋಗ್ಬಿಡ್ಲಾ? ಅಲ್ಲೀಗ ಆರಾಮಾಗಿ ಮಲಗ್ಬೋದು."

ಹೊರಗೆ ನಮ್ಮ ಕೋಳಿ ಆಗಷ್ಟೇ ಎದ್ದು, ತಡವಾಯಿತೇನೋ ಎಂಬಂತೆ ಕೂಗಿತು.