ಮುಟ್ಟಿ ನೋಡಿ ಅನ್ನುತ್ತಿದ್ದವಳು

ಅರಸೀಕೆರೆ ಸಂತೆಯಲ್ಲಿ ನನ್ನ ಪಕ್ಕ ಕೂತು ಕೊಬ್ಬರಿ ಮಾರುತ್ತಿದ್ದವಳು, ಗಿರಾಕಿ ರೇಟು ಕೇಳುವ ಮೊದಲೇ ಅವರ ಕೈ ಹಿಡಿದು ಅಂಗೈಗೆ ಒಂದು ಗಿಟುಕು ಇಡುತ್ತಿದ್ದಳು. "ಮುಟ್ಟಿ ನೋಡಿ, ಆಮೇಲೆ ಮಾತಾಡಿ." ಕೈಗೆ ಬಂದ ಮಾಲನ್ನು ವಾಪಸ್ ಇಡೋದು ಯಾರಿಗೂ ಸುಲಭವಲ್ಲ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಇದನ್ನು ಕಲಿಯಬೇಕು. ನಾನು ಕಲಿತದ್ದು ಅವಳಿಂದಲೇ.

ವಯಸ್ಸು ಐವತ್ತರ ಹತ್ತಿರ ಬಂದಾಗ ಅವಳು ಹಳೇಬೀಡಿನಲ್ಲಿ ಗೈಡ್ ಆಗುತ್ತೇನೆಂದು ತರಬೇತಿಗೆ ಸೇರಿದಳು. "ಕೂತ ಜಾಗ ಬಿಟ್ರೆ ಬೇರೆಯವ್ರು ಬತ್ತಾರೆ ಕಣೇ" ಅಂದೆ.

"ಗೋಣಿಚೀಲ ಹಾಸಿಟ್ಟಿರು ಅಕ್ಕ. ಅಲ್ಲಿ ನಡೀದಿದ್ರೆ ಬತ್ತೀನಿ" ಎಂದು ನಕ್ಕಳು.

ಗೈಡಾಗಿ ಅವಳ ಮೊದಲ ದಿನ ನಾನೂ ಹೋದೆ, ಸೋತರೆ ಜೊತೆಗೇ ಕರಕೊಂಡು ಬರೋಣ ಅಂತ. ದೇವಸ್ಥಾನದ ಗೋಡೆಯ ಶಿಲ್ಪದ ಎದುರು ನಿಂತವಳು, ಅಭ್ಯಾಸಬಲದಿಂದ ಪ್ರವಾಸಿಗರ ಗುಂಪಿನ ಒಬ್ಬ ಅಜ್ಜಿಯ ಕೈ ಹಿಡಿದು ಕಲ್ಲಿನ ಸರದ ಮೇಲಿಟ್ಟು "ಮುಟ್ಟಿ ನೋಡಿ" ಅಂದೇಬಿಟ್ಟಳು. ಕಾವಲಿನವನು ಸೀಟಿ ಊದಿದ. ಜನ ನಕ್ಕರು. "ಗೈಡಮ್ಮಂಗೇ ರೂಲ್ಸ್ ಗೊತ್ತಿಲ್ಲ" ಅಂದ ಒಬ್ಬ. ನಾನು ಊರಿಗೆ ಬಸ್ಸೆಷ್ಟು ಹೊತ್ತಿಗೆ ಅಂತ ಲೆಕ್ಕ ಹಾಕಿದೆ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಸಂತೆಯವಳು ಕಣ್ರೀ ನಾನು, ಕೈ ಮಾತು ಕೇಳಲ್ಲ. ನೀವೂ ಹಿಂಗೇ ಕಟ್ಕಂಡು ಹತ್ರ ಬನ್ನಿ."

ಇಡೀ ಗುಂಪು ಕೈ ಕಟ್ಟಿಕೊಂಡು ಅವಳ ಹಿಂದೆ ನಡೆದು ಗೋಡೆಯ ಮೂಲೆಯಲ್ಲಿ ಮರೆಯಾಯಿತು. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಒಬ್ಬಳೇ ಬಸ್ ಹತ್ತಿದೆ. ಸಂತೆಯ ದಿನ ಈಗಲೂ ಪಕ್ಕದಲ್ಲಿ ಗೋಣಿಚೀಲ ಹಾಸುತ್ತೇನೆ. "ಯಾರ್ದಕ್ಕ ಈ ಜಾಗ?" ಅಂತ ಯಾರಾದರೂ ಕೇಳಿದರೆ, "ಬತ್ತಾಳೆ" ಅನ್ನುತ್ತೇನೆ.