ಉಸಿರಿಲ್ಲದ ಹಾಡು
ಪುಲಿಕೇಶಿನಗರದ ನಮ್ಮ ಬದ್ರುನ್ನೀಸಾ ಈಗಿನ ಯಾವ ಹಾಡನ್ನೂ ನಂಬುವವರಲ್ಲ. ಯಾರ ಮೊಬೈಲಿನಲ್ಲಿ ಹಾಡು ಬಂದರೂ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ, ಕಳ್ಳನ ಹೆಜ್ಜೆ ಆಲಿಸುವವರಂತೆ ಕಿವಿಗೊಡುತ್ತಾರೆ. "ಇವಳು ಉಸಿರೆಲ್ಲಿ ತಗೊಂಡ್ಳು? ಇದು ಮಿಷಿನ್ ಹಾಡಿರೋದು" ಎನ್ನುತ್ತಾರೆ. ಮದುವೆಯೊಂದರಲ್ಲಿ ಗಾಯಕ ನಿಜವಾಗಿ ಹಾಡುತ್ತಿದ್ದಾನೋ ಎಂದು ವೇದಿಕೆ ಹತ್ತಿ ಅವನ ಗಂಟಲು ನೋಡಿ ಬಂದವರು. ಮೊನ್ನೆ ಮೊಮ್ಮಗಳು ಸುಮೈರಾ, ಕಲ್ಯಾಣ ನಗರದ ಸ್ಟುಡಿಯೋದಲ್ಲಿ ತಾನು ಹಾಡಿದ ಮೊದಲ ಸಿನಿಮಾ ಹಾಡನ್ನು ಕೇಳಿಸಿದಳು. "ಇದು ನೀನಲ್ಲ" ಎಂದರು ಬದ್ರುನ್ನೀಸಾ. "ನಾನೇ, ದಾದಿಮಾ. ಉಸಿರಿನ ಸದ್ದೆಲ್ಲ ಕಟ್ ಮಾಡಿದ್ದಾರೆ. ಹಂಗಿದ್ರೇನೇ ಸೇಲ್ ಆಗೋದಂತೆ." ಆಸ್ತಮಾ ಇದ್ದ ಸುಮೈರಾಳನ್ನು ಕೂಸಾಗಿದ್ದಾಗಿನಿಂದ ಎದೆಗೊರಗಿಸಿಕೊಂಡು, ಒಂದೊಂದು ಉಸಿರಿಗೂ ಕಾದು ಬೆಳೆಸಿದವರು ಬದ್ರುನ್ನೀಸಾ. ಮೊಮ್ಮಗಳನ್ನು ಹತ್ತಿರಕ್ಕೆಳೆದು, ಅವಳ ಉಸಿರು ಕಾಯಲೆಂದು ದುವಾ ಓದಿ, ಅವಳ ಎದೆಯ ಮೇಲೆ ಮೆಲ್ಲಗೆ ಊದಿದರು.