ಮೊಣಕೈಯ ಸನ್ನೆ

ನನ್ನ ಸಂಗೀತದ ಬಗ್ಗೆ ಬರೆಯುವವರೆಲ್ಲ ಧಾರವಾಡದ ಮಾಳಮಡ್ಡಿಯಿಂದ, ಅಲ್ಲಿದ್ದ ನನ್ನ ಗುರುಗಳಿಂದ ಶುರು ಮಾಡುತ್ತಾರೆ. ಒಂದಿಷ್ಟು ಖಯಾಲ್, ಒಂದಿಷ್ಟು ಜಾಝ್, ನಡುವೆ ಒಂದು ಸ್ಯಾಕ್ಸೊಫೋನ್ ಎಂದು ಅಡುಗೆ ಮಾಡುವ ವಿಧಾನ ಬರೆದಂತೆ ಬರೆದು ಕೈತೊಳೆದುಕೊಳ್ಳುತ್ತಾರೆ. ನಾನೂ ತಕರಾರು ಮಾಡುವುದಿಲ್ಲ. ಆದರೆ ನಾನು ಊದಲು ಕಲಿತದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಅಪ್ಪನ, ನಮ್ಮ ಮನೆಮಾತಿನಲ್ಲಿ ಅಬ್ಬಾನ, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ.

ಅಬ್ಬಾ ಕ್ಲಾರಿನೆಟ್ ನುಡಿಸುತ್ತಿದ್ದರು. ಅವರ ಎಡಗಡೆ ನಾನು ಸ್ಯಾಕ್ಸೊಫೋನ್ ಹಿಡಿದು ನಡೆಯುತ್ತಿದ್ದೆ. ಮೆರವಣಿಗೆಯಲ್ಲಿ ಹಾಡು ನಿಲ್ಲುವಂತಿಲ್ಲ. ನಿಂತರೆ ಕುಣಿಯುವವರು ತಿರುಗಿ ನೋಡುತ್ತಾರೆ, ಬೀಗರು ಮುಖ ಗಂಟಿಕ್ಕುತ್ತಾರೆ. ಹಾಗಾಗಿ ಜೋಡಿಯಲ್ಲಿ ಊದುವವರು ಇಬ್ಬರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದಿಲ್ಲ. ಉಸಿರು ಮುಗಿಯುತ್ತ ಬಂದವನು ಪಕ್ಕದವನನ್ನು ಮೊಣಕೈಯಿಂದ ಮೆಲ್ಲಗೆ ತಿವಿಯಬೇಕು. ಅವನು ಹಾಡನ್ನು ಹಿಡಿದುಕೊಳ್ಳುತ್ತಾನೆ, ಇವನು ಗಾಳಿ ಎಳೆದುಕೊಂಡು ಮತ್ತೆ ಸೇರಿಕೊಳ್ಳುತ್ತಾನೆ. ಮನೆಯಲ್ಲಿ ನಮ್ಮ ಮಾತು ಉರ್ದು. ಕೆಂಪು ಕೋಟು ತೊಟ್ಟು ಬ್ಯಾಂಡಿನಲ್ಲಿ ನಿಂತರೆ ಮಾತ್ರ ಅಬ್ಬಾ ನನ್ನೊಡನೆಯೂ ಕನ್ನಡ ಆಡುತ್ತಿದ್ದರು. ಅಲ್ಲಿ ನಾನು ಮಗನಲ್ಲ, ಜೋಡಿ.

ಮಾಳಮಡ್ಡಿಯ ಗುರುಗಳು ಹಿರಿಯ ಗಾಯಕಿ, ಅವರನ್ನು ನಾವೆಲ್ಲ ಗೌರವದಿಂದ ಬಾಯಿ ಎಂದು ಕರೆಯುತ್ತಿದ್ದೆವು. ಮೊದಲ ದಿನವೇ ಅವರು ನನ್ನ ಸ್ಯಾಕ್ಸೊಫೋನನ್ನು ಬಾಗಿಲ ಹಿಂದೆ ಇಡಿಸಿದರು.

"ಮೊದಲ ಹಾಡಿ ತೋರ್ಸು. ಗಂಟಲಾಗ ಬರಲಾರದ್ದು ಆ ಕೊಳವ್ಯಾಗ ಎಲ್ಲಿಂದ ಬರ್ತದ?"

ವರ್ಷಗಟ್ಟಲೆ ಹಾಡಿದೆ. ಮಾರವಾ ರಾಗ ಕಲಿಸುವಾಗ ಅವರದು ಒಂದೇ ಮಾತು: "ಸಾ ಹಚ್ಚೋ ಅವಸರಾ ಮಾಡಬ್ಯಾಡ. ಮಂದಿ ಕಾಯಲಿ." ಸಾ, ಅಂದರೆ ಷಡ್ಜ, ಹಾಡುವವನ ಮನೆ. ಮಾರವಾದಲ್ಲಿ ಮನೆಯ ಅಂಗಳದವರೆಗೆ ಬರಬೇಕು, ಹೊಸಿಲು ದಾಟದೆ ಸುತ್ತುತ್ತಿರಬೇಕು. ಮದುವೆ ಬ್ಯಾಂಡಿನಿಂದ ಬಂದವನಿಗೆ ಅದು ಶಿಕ್ಷೆಯೇ ಆಗಿತ್ತು.

ಮುಂದೆ ಮುಂಬೈಯ ಹೋಟೆಲೊಂದರಲ್ಲಿ ನುಡಿಸುತ್ತಿದ್ದಾಗ ಗೋವಾದ ಪಿಯಾನೊ ಗೆಳೆಯನೊಬ್ಬ ನನಗೆ ಜಾಝ್ ಹುಚ್ಚು ಹಿಡಿಸಿದ. ಅವನು ಹೇಳಿದ್ದೂ ಅದೇ: ಎಲ್ಲವನ್ನೂ ತುಂಬಲು ಹೋಗಬೇಡ, ಜಾಗ ಬಿಡು. ಬಾಯಿಯವರು ಮಂದಿಯನ್ನು ಕಾಯಿಸುವುದು, ಇವನು ಜಾಗ ಬಿಡುವುದು ಎರಡೂ ಒಂದೇ ಎಂದು ಹೊಳೆದ ಮೇಲೆ ನಾನು ಸ್ವಂತ ರಚನೆಗಳನ್ನು ಮಾಡತೊಡಗಿದೆ. ಊರೂರು ತಿರುಗಿದೆ, ಹೆಸರೂ ಬಂತು. ಅಬ್ಬಾ ಮಾತ್ರ ಒಮ್ಮೆಯೂ ಕೇಳಲು ಬರಲಿಲ್ಲ. "ಕುಣಿಯೋರಿಲ್ಲದ ಬಾಜಾ ಯಾರಿಗಪಾ?" ಎಂದು ಬ್ಯಾಂಡಿನವರ ಮುಂದೆ ನಗುತ್ತಿದ್ದರಂತೆ. ಆ ಮಾತು ನನಗೆ ಚುಚ್ಚುತ್ತಿತ್ತು. ಎಷ್ಟು ಚಪ್ಪಾಳೆ ಬಿದ್ದರೂ, ಅವರು ಒಂದು ಸಲ ಬಂದು ಕೂತು ತಲೆ ಆಡಿಸಲಿ ಎಂಬ ಆಸೆ ಹೋಗಲಿಲ್ಲ.

ಕೊನೆಗೆ ಧಾರವಾಡದಲ್ಲೇ ಕಾರ್ಯಕ್ರಮವಾಯಿತು. ಪಿಯಾನೊಗೆ ಗೋವಾದ ಗೆಳೆಯ, ಬೇಸ್ ಗಿಟಾರಿಗೆ ಧಾರವಾಡದ ಪಕ್ಕದ ಬೇಲೂರಿನ ಕಾರ್ಖಾನೆಯಲ್ಲಿ ದುಡಿಯುವ ಹುಡುಗ. ಮುಂದಿನ ಸಾಲಿನಲ್ಲಿ ಬಾಯಿ. ಸಂಜೆಯ ಹೊತ್ತು, ಮಾರವಾದ ಮೇಲೆ ನಾನು ಕಟ್ಟಿದ ರಚನೆ. ಅದರ ತುದಿಯಲ್ಲಿ ನಾನು ಷಡ್ಜಕ್ಕೆ ಒಂದೇ ಹೆಜ್ಜೆ ಮೇಲಿರುವ ಕೋಮಲ ರಿಷಭದ ಮೇಲೆ ಬಂದು ನಿಲ್ಲಬೇಕು, ಎಲ್ಲ ವಾದ್ಯಗಳೂ ಒಮ್ಮೆಲೇ ಸುಮ್ಮನಾಗಬೇಕು, ಬಾರದ ಷಡ್ಜವನ್ನು ಕೇಳುವವರು ತಮ್ಮೊಳಗೇ ಹುಡುಕಿಕೊಳ್ಳಬೇಕು. ಆ ಮೌನದ ಬಗ್ಗೆ ನನಗೆ ವಿಪರೀತ ಜಂಬವಿತ್ತು.

ನಡುವೆ ಬಾಗಿಲು ತೆರೆಯಿತು. ಒಳಗೆ ಬಂದವರು ನನ್ನ ಅಬ್ಬಾ! ಯಾವುದೋ ಮೆರವಣಿಗೆ ಮುಗಿಸಿ ನೇರ ಬಂದಿದ್ದರು. ಮೈಮೇಲೆ ಕೆಂಪು ಕೋಟು, ಕೈಯಲ್ಲಿ ಕ್ಲಾರಿನೆಟ್. ಹಿಂದಿನ ಸಾಲಿನಲ್ಲಿ ಕೂತರು. ನಾನು ಖುಷಿಯಿಂದ ಇದ್ದಬದ್ದ ಉಸಿರನ್ನೆಲ್ಲ ಸುರಿದು ಊದಿದೆ. ರಿಷಭಕ್ಕೆ ಬಂದೆ, ನಿಲ್ಲಿಸಿದೆ. ಸಭೆ ಸ್ತಬ್ಧವಾಯಿತು.

ಹಿಂದಿನ ಸಾಲಿನಿಂದ ಷಡ್ಜ ಬಂತು. ಬೀದಿಯಲ್ಲಿ ಊದುವಷ್ಟೇ ಜೋರು, ತುಂಬು ದನಿ. ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಪಿಯಾನೊದವನು ನನ್ನನ್ನು ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅಬ್ಬಾ ಮಾತ್ರ ಕಣ್ಣುಮುಚ್ಚಿ ಆ ಸ್ವರವನ್ನು ಹಿಡಿದುಕೊಂಡೇ ಇದ್ದರು, ಬಿಡಲಿಲ್ಲ. ಬೇರೆ ದಾರಿ ಕಾಣದೆ ಗಾಳಿ ಎಳೆದುಕೊಂಡು ನಾನೂ ಸೇರಿಕೊಂಡೆ. ಇಬ್ಬರೂ ಕೂಡಿ ಮುಗಿಸಿದೆವು. ಮೊದಲೇ ಗೊತ್ತುಮಾಡಿಕೊಂಡದ್ದು ಎಂದು ತಿಳಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಬಾಯಿ ನಗುತ್ತ ಅಬ್ಬಾನ ಹತ್ತಿರ ಹೋದರು. "ನಿಮ್ಮ ಸಾ ಸ್ವಲ್ಪ ಲಗೂ ಬಂತ್ರಿ." ಅಬ್ಬಾಗೆ ಏನೂ ತಿಳಿಯಲಿಲ್ಲ, ಕೈಮುಗಿದರು. ನನ್ನ ಸಿಟ್ಟು ಇಳಿದಿರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಉರ್ದುವಿನಲ್ಲಿ ರೇಗಿದೆ. ಅವರು ನನಗೆ ಕನ್ನಡದಲ್ಲಿ ಉತ್ತರ ಕೊಟ್ಟರು.

"ನಿನ್ನ ಉಸಿರು ಮುಗೀತು ಅಂತ ತಿಳದ್ನಿಪಾ. ನೀ ತಿವಿಯಾಕ ನಾ ಬಾಜೂಕ ಇರಲಿಲ್ಲ. ಅದಕ್ಕ ನಾನ ಹಿಡದ್ನಿ."



ರಾಗದ ಲೆಕ್ಕದಲ್ಲಿ ಅದು ತಪ್ಪೇ. ಇವತ್ತಿಗೂ ನಾನು ಹಾಗೆಯೇ ಅನ್ನುತ್ತೇನೆ. ಅಬ್ಬಾ ತೀರಿಕೊಂಡು ಕೆಲವು ವರ್ಷಗಳಾದವು. ಆ ರಚನೆಯನ್ನು ಮೊದಲು ಕಟ್ಟಿದಂತೆಯೇ, ಮೌನವನ್ನು ಮೌನವಾಗಿಯೇ ಬಿಟ್ಟು ನುಡಿಸುತ್ತ ಬಂದಿದ್ದೇನೆ. ಜನ ಅಲ್ಲಾಡದೆ ಕೂತು ಕೇಳುತ್ತಾರೆ.

ಪಿಯಾನೊ ಗೆಳೆಯ ಮೊನ್ನೆ ಕೇಳಿದ, ಆ ಜಾಗ ಬಂದಾಗಲೆಲ್ಲ ನಿನ್ನ ಬಲ ಮೊಣಕೈ ಯಾಕೆ ಹೊರಗೆ ಚಾಚುತ್ತದೆ ಎಂದು. ನನಗೆ ಅದು ಗೊತ್ತೇ ಇರಲಿಲ್ಲ.